ರಿಮೋಟು ಅಜ್ಜಿಯದೇ ಇರಲಿ, ಪೆಟ್ಟಿಗೆ ಕಲಿಯಲಿ

ಮನೆಗೆ ಹೊಸ ಯಂತ್ರ ಬಂದಾಗ ಅದನ್ನು ಹಿರಿಯರಿಗೆ ಕಲಿಸಲು ಹೊರಡುತ್ತೇವೆ. ಹಿರಿಯರ ಅಭ್ಯಾಸವನ್ನೇ ಯಂತ್ರಕ್ಕೆ ಕಲಿಸಬಹುದು ಅನ್ನುವುದು ಹೊಳೆಯುವುದಿಲ್ಲ. ಟಿವಿ ರಿಮೋಟಿನ ಮಟ್ಟಿಗೆ ಅದು ಸಾಧ್ಯ. ನಮ್ಮ ಮನೆಯಲ್ಲಿ ಮಾಡಿ ನೋಡಿದ್ದೇನೆ.

ನಮ್ಮಜ್ಜಿಗೆ ಎಂಬತ್ತು ದಾಟಿದೆ. ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಇನ್ನೂ ಮಂಜು. ಆದರೂ ಡಿಶ್ಶಿನ ರಿಮೋಟು ಕೈಗೆ ಕೊಟ್ಟರೆ ಸಾಕು, ಬೆರಳಲ್ಲೇ ಚಾನೆಲ್ ಹುಡುಕುತ್ತಿದ್ದರು. ಡಿಶ್ಶಿನ ರೀಚಾರ್ಜ್ ನಿಲ್ಲಿಸಿ ಟಿವಿಗೆ ಸ್ಟ್ರೀಮಿಂಗ್ ಕಡ್ಡಿ ಸಿಕ್ಕಿಸಿದ ಮೇಲೆ ಅವರ ಕೈ ಕಟ್ಟಿಹೋಯಿತು. ಹೊಸ ರಿಮೋಟು ನುಣುಪಾಗಿದೆ, ಅದರಲ್ಲಿ ಅಂಕಿಗಳೇ ಇಲ್ಲ. ಮೊದಲ ವಾರ, "ಒಂದು ಆಟ ಹಾಕಿಕೊಡು ಮಾರಾಯ" ಅಂತ ಮಕ್ಕಳನ್ನು ಕರೆದರು. ಮಕ್ಕಳು "ತಡಿ ಅಜ್ಜಿ" ಅಂದರು. ಆಮೇಲೆ ಅಜ್ಜಿ ಕೇಳುವುದನ್ನೇ ಬಿಟ್ಟರು. ಯಕ್ಷಗಾನ ಇಲ್ಲದ್ದಕ್ಕಿಂತ ಆ ಬಿಟ್ಟದ್ದೇ ನನಗೆ ಜಾಸ್ತಿ ಚುಚ್ಚಿತು.

ಕಡ್ಡಿ ಹಳೇ ರಿಮೋಟಿನ ಮಾತು ಕೇಳುವುದಿಲ್ಲ. ಕಡ್ಡಿಯ ರಿಮೋಟು ಬ್ಲೂಟೂತ್‌ನಲ್ಲಿ ಮಾತಾಡುತ್ತದೆ, ನಮ್ಮ ಡಿಶ್ ರಿಮೋಟು ಇನ್‌ಫ್ರಾರೆಡ್ ಬೆಳಕಿನಲ್ಲಿ. ಈ ಬೆಳಕು ಕಣ್ಣಿಗೆ ಕಾಣದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಎದುರು ರಿಮೋಟು ಹಿಡಿದು ಗುಂಡಿ ಒತ್ತಿ ನೋಡಿ, ತುದಿಯಲ್ಲಿ ತಿಳಿ ನೇರಳೆ ಮಿಣುಕು ಕಾಣಬಹುದು. ಕಂಡರೆ ರಿಮೋಟು ಜೀವಂತ ಇದೆ ಅಂತ ಅರ್ಥ.

ಕೆಲಸ ಶುರು ಮಾಡುವ ಮೊದಲು ಒಂದು ವಿಷಯ. ನಿಮ್ಮ ಟಿವಿ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ-ಸಿಇಸಿ ಅಂತ ಇದ್ದರೆ ಆನ್ ಮಾಡಿ. ಟಿವಿಯ ರಿಮೋಟೇ ಪೆಟ್ಟಿಗೆಯನ್ನೂ ನಡೆಸಬಹುದು, ಬೇರೇನೂ ಬೇಡ. ನಮ್ಮ ಹಳೇ ಟಿವಿಯಲ್ಲಿ ಅದು ಇರಲಿಲ್ಲ.

ಹಾಗಾಗಿ ಕಡ್ಡಿಯ ಜಾಗಕ್ಕೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಸಿಕ್ಕಿಸಿದೆ. ಅದರೊಳಗೆ ಲಿಬ್ರೆಎಲೆಕ್. ಇದು ಕೋಡಿಯನ್ನು ನಡೆಸುತ್ತದೆ. ಕೆರೆಯ ಕೋಡಿಯಲ್ಲ, ವಿಡಿಯೋ ತೋರಿಸುವ ಉಚಿತ ಸಾಫ್ಟ್‌ವೇರ್. ಊರಿನ ಆಟ, ಮದುವೆ, ದೇವಸ್ಥಾನದ ತೇರು, ನಾವೇ ತೆಗೆದ ವಿಡಿಯೋಗಳೆಲ್ಲ ಒಳಕೋಣೆಯ ಲ್ಯಾಪ್‌ಟಾಪಿನಲ್ಲಿವೆ. ವೈಫೈ ಮೂಲಕ ಟಿವಿಗೆ ಬರುತ್ತವೆ.

ಪೈಗೆ ಇನ್‌ಫ್ರಾರೆಡ್ ನೋಡಲು ಕಣ್ಣು ಬೇಕು. ಅದು ಮೂರು ಕಾಲಿನ ಸಣ್ಣ ಬಿಡಿಭಾಗ. ಅಂಗಡಿಯಲ್ಲಿ ಟಿಎಸ್‌ಒಪಿ 1738 ಕೊಟ್ಟರೆ ಬೇಡ ಅನ್ನಿ, ಅದು 5 ವೋಲ್ಟಿನದು. ಪೈನ ಪಿನ್‌ಗಳು 3.3 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ. 38238 ಕೇಳಿ, ಅದು 3.3ರಲ್ಲೇ ನಡೆಯುತ್ತದೆ. ಯಾವ ಕಾಲು ಯಾವುದಕ್ಕೆ ಅನ್ನುವುದು ಎರಡರಲ್ಲಿ ಬೇರೆ ಬೇರೆ, ಚಿತ್ರ ನೋಡಿಯೇ ಜೋಡಿಸಿ. ಕರೆಂಟಿನ ಕಾಲು ಪೈನ 1ನೇ ಪಿನ್‌ಗೆ, ಗ್ರೌಂಡ್ 6ಕ್ಕೆ, ಸಿಗ್ನಲ್ 12ಕ್ಕೆ. ಬೆಸುಗೆ ಬೇಡ, ಜಂಪರ್ ವೈರ್ ಸಾಕು. 12ನೇ ಪಿನ್‌ನಲ್ಲಿ ಕಣ್ಣಿದೆ ಎಂದು ಪೈನ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬರೆಯಬೇಕು. ಅಲ್ಲಿ 12 ಅಂತಲ್ಲ, ಜಿಪಿಐಒ 18 ಅಂತ ಬರೆಯುವುದು. ಎರಡೂ ಒಂದೇ ಪಿನ್.

ಇನ್ನು ಕೋಡ್. ಪ್ರತಿ ಗುಂಡಿಗೂ ಒಂದು ಸಂಖ್ಯೆ ಇರುತ್ತದೆ. ನಮ್ಮ ರಿಮೋಟಿನದು ಎನ್‌ಇಸಿ ಪದ್ಧತಿ. ಸೆಕೆಂಡಿಗೆ 38,000 ಸಲ ಮಿಣುಕುವ ಬೆಳಕು, ಮೊದಲು 9 ಮಿಲಿಸೆಕೆಂಡಿನ ಉದ್ದ ಕೂಗು, 4.5 ಮಿಲಿಸೆಕೆಂಡು ಮೌನ, ಆಮೇಲೆ ಸಂಖ್ಯೆ. ಗುಂಡಿಯ ಸಂಖ್ಯೆಯನ್ನು ಒಮ್ಮೆ ನೇರ, ಒಮ್ಮೆ ತಿರುಗುಮುರುಗಾಗಿ, 0 ಇದ್ದಲ್ಲಿ 1 ಮಾಡಿ ಕಳಿಸುತ್ತದೆ. ಎರಡೂ ತಾಳೆಯಾದರೆ ಮಾತ್ರ ಪೆಟ್ಟಿಗೆ ಒಪ್ಪುತ್ತದೆ. ಚಿಲ್ಲರೆಯನ್ನು ಎರಡು ಸಲ ಎಣಿಸಿ ತೆಗೆದುಕೊಂಡಂತೆ.

ಐಆರ್-ಕೀಟೇಬಲ್ ಎಂಬ ಪ್ರೋಗ್ರಾಂ ಓಡಿಸಿ ಗುಂಡಿ ಒತ್ತಿದರೆ ಸಂಖ್ಯೆ ಪರದೆಗೆ ಬರುತ್ತದೆ. ಅಜ್ಜಿ ಒಂದೊಂದೇ ಒತ್ತಿದರು, ನಾನು ಬರೆದುಕೊಂಡೆ. ಆಮೇಲೆ ಪಟ್ಟಿಯ ಫೈಲಿನಲ್ಲಿ ಪ್ರತಿ ಸಂಖ್ಯೆಯ ಎದುರು ಅದರ ಕೆಲಸದ ಹೆಸರು: ಮೇಲೆ, ಕೆಳಗೆ, ಓಕೆ, ಹಿಂದೆ.

ಮುಖ್ಯ ಗುಂಡಿ ಯಾವುದು ಅಂತ ಅಜ್ಜಿಯೇ ಹೇಳಿದರು. "ಐದು ಇರಲಿ, ಅದರ ಮೇಲೆ ಚುಕ್ಕೆ ಇದೆಯಲ್ಲ." ಹೌದು, 5ರ ಮೇಲೆ ಸಣ್ಣ ಉಬ್ಬು. ಬಟನ್ ಮೊಬೈಲಿನಲ್ಲೂ ಅವರು ಅದನ್ನೇ ತಡವಿ ನಂಬರ್ ಒತ್ತುವುದು. ಈಗ 5 ಒತ್ತಿದರೆ ಯಕ್ಷಗಾನದ ಫೋಲ್ಡರ್ ಓಡುತ್ತದೆ, 2ಕ್ಕೆ ಮದುವೆಗಳು, 8ಕ್ಕೆ ಭಜನೆ. ಕೆಂಪು ಗುಂಡಿ ಒತ್ತಿದರೆ ಪೈ ಸರಿಯಾಗಿ ಆರುತ್ತದೆ.

ಉಳಿದ ಗುಂಡಿಗಳಿಗೆ ಬೇಕೆಂದೇ ಏನೂ ಕೆಲಸ ಕೊಡಲಿಲ್ಲ. ಕೈತಪ್ಪಿ ಒತ್ತಿದರೂ ಏನೂ ಕೆಡುವುದಿಲ್ಲ. ಹಿರಿಯರು ಹೊಸ ಯಂತ್ರಕ್ಕೆ ಹೆದರುವುದು ಬುದ್ಧಿ ಸಾಲದೆ ಅಲ್ಲ. ಕೆಡಿಸಿಬಿಟ್ಟರೆ ಮತ್ತೆ ಯಾರನ್ನೋ ಕರೆಯಬೇಕಲ್ಲ ಎಂಬ ಸಂಕೋಚಕ್ಕೆ. ಆ ಸಂಕೋಚ ತೆಗೆದದ್ದೇ ಈ ಕೆಲಸದಲ್ಲಿ ದೊಡ್ಡದು.

ನೀವೂ ಮಾಡುವುದಾದರೆ ಕೋಡ್‌ಗಳ ಪಟ್ಟಿಯನ್ನು ಕಾಗದದಲ್ಲಿ ಬರೆದಿಡಿ. ಹಳ್ಳಿಯಲ್ಲಿ ಕರೆಂಟು ಹೇಳದೆ ಹೋಗುತ್ತದೆ, ಮೆಮೊರಿ ಕಾರ್ಡ್ ಒಂದು ದಿನ ಕೈಕೊಡಬಹುದು. ಕಾಗದ ಇದ್ದರೆ ಹೊಸ ಕಾರ್ಡಿಗೆ ಮತ್ತೆ ಬರೆಯಲು ಅರ್ಧ ಗಂಟೆ ಸಾಕು. ನಮ್ಮ ಪಟ್ಟಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ, ಗ್ಯಾಸ್ ಪುಸ್ತಕದ ಪಕ್ಕದಲ್ಲಿದೆ.