ಎಲ್ಲಿಯವರೆಗೆ ಬಂದಿದೆ?

ಕನ್ನಡದಲ್ಲಿ ಇಂಟರ್ನೆಟ್ ನೀರಿನ ಹಾಗೆ ಬರುತ್ತದೆ, ಕರೆಂಟಿನ ಹಾಗೆ ಹೋಗುತ್ತದೆ. ‘ನೆಟ್ ಬರ್ತಿಲ್ಲ’ ಅಂದರೆ ದೂರು ಮುಗಿಯಿತು. ಆದರೆ ನಲ್ಲಿಯಲ್ಲಿ ನೀರು ಬರದಿದ್ದಾಗ ಯಾರೂ ಅಷ್ಟಕ್ಕೇ ನಿಲ್ಲುವುದಿಲ್ಲ. ಅಡುಗೆಮನೆಯಲ್ಲಿ ಮಾತ್ರ ಇಲ್ಲವೋ, ಬಚ್ಚಲಲ್ಲೂ ಇಲ್ಲವೋ, ಟ್ಯಾಂಕ್ ಖಾಲಿಯೋ, ಪಕ್ಕದ ಮನೆಗೆ ಬಂದಿದೆಯೋ ಎಂದು ಒಂದೊಂದೇ ನೋಡುತ್ತಾ ಹೋಗುತ್ತಾರೆ. ಈ ಜಾಣತನವೆಲ್ಲ ರೂಟರಿನ ಮುಂದೆ ಮಾತ್ರ ಮರೆತುಹೋಗುತ್ತದೆ.

ನೆಟ್ಟಿಗೂ ಹಾಗೆಯೇ ಮೂರು ಹಂತಗಳಿವೆ. ಫೋನಿನಿಂದ ರೂಟರ್‌ವರೆಗೆ ಗಾಳಿಯಲ್ಲಿರುವ ದಾರಿ ಮೊದಲನೆಯದು. ವೈಫೈ ಅಂದರೆ ಇಷ್ಟೇ. ರೂಟರ್‌ನಿಂದ ಗೋಡೆ ದಾಟಿ, ಬೀದಿಯ ಕಂಬ ದಾಟಿ ಕಂಪನಿಯವರೆಗಿನ ಕೇಬಲ್ ಎರಡನೆಯದು. ಅಲ್ಲಿಂದ ಮುಂದಿನದು ಮೂರನೆಯದು. ಫೋನಿನ ಮೂಲೆಯಲ್ಲಿ ವೈಫೈ ಗುರುತು ತುಂಬಿಕೊಂಡಿದ್ದರೆ ಮೊದಲ ಹಂತ ಸರಿಯಿದೆ ಎಂದಷ್ಟೇ ಅರ್ಥ. ‘ವೈಫೈ ಫುಲ್ ಇದೆ, ನೆಟ್ ಇಲ್ಲ’ ಎನ್ನುವುದು ವಿಚಿತ್ರವಲ್ಲ. ನಲ್ಲಿ ಚೆನ್ನಾಗಿದೆ, ಟ್ಯಾಂಕಿನಲ್ಲಿ ನೀರಿಲ್ಲ, ಅಷ್ಟೇ.

ಪುಣೆಯ ಒಂದು ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಧಾರವಾಡದ ತಾಯಿಯೊಬ್ಬರಿದ್ದಾರೆ. ಗಂಡ ತೀರಿಕೊಂಡ ಮೇಲೆ ಮಗ ಕರೆತಂದ. ಮಗ, ಸೊಸೆ ಇಬ್ಬರೂ ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಮರಳುವುದು ರಾತ್ರಿಗೇ. ಕೆಲಸದವಳ ಮರಾಠಿ ಅವರಿಗೆ ಅರ್ಧ ತಿಳಿಯುತ್ತದೆ, ಲಿಫ್ಟಿನಲ್ಲಿ ಸಿಗುವವರ ಹಿಂದಿ ಅದಕ್ಕಿಂತ ಕಡಿಮೆ. ದಿನಾ ನಾಲ್ಕು ಗಂಟೆಗೆ ಮಾತ್ರ ಊರು ಅವರ ಮುಂದೆ ಬಂದು ಕೂರುತ್ತದೆ. ಧಾರವಾಡದ ಅವರ ಓಣಿಯ ಹೆಂಗಸರು ಒಬ್ಬರ ಮನೆಯಲ್ಲಿ ಸೇರಿ, ಫೋನನ್ನು ತಂಬಿಗೆಗೆ ಆನಿಸಿಟ್ಟು ವಚನ ಹಾಡುತ್ತಾರೆ. ಇವರು ಪುಣೆಯಿಂದ ವಿಡಿಯೊದಲ್ಲಿ ದನಿಗೂಡಿಸುತ್ತಾರೆ. ಇಡೀ ಹಗಲಿನಲ್ಲಿ ಅವರು ಬಾಯಿತುಂಬ ಕನ್ನಡ ಮಾತಾಡುವುದು ಆ ಒಂದು ತಾಸು.

ಒಂದು ಮಧ್ಯಾಹ್ನ ಮೂರೂವರೆಗೆ ಮಗನ ಆಫೀಸಿಗೆ ಫೋನ್ ಬಂತು. “ನೆಟ್ ಬರವಲ್ದೋ.”

“ಏನ್ ಮಾಡಿದಿ ಬೇ?”

“ನಾ ಏನೂ ಮಾಡಿಲ್ಲೋ ಯಪ್ಪಾ. ಮುಟ್ಟೇ ಇಲ್ಲ.”

ಮಾತು ಅಲ್ಲಿಗೇ ಕಟ್ಟಿತು. ದೂರದಿಂದ ರಿಪೇರಿ ಮಾಡಿಸುವವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಇದೇ. ಕೇಳುವವರಿಗೆ ಅದು ಮಾಹಿತಿ, ಕೇಳಿಸಿಕೊಳ್ಳುವವರಿಗೆ ಆರೋಪ. ಬೇರೆಯವರ ಮನೆಯಾಗಿ ಕಾಣುವ ಮನೆಯಲ್ಲಿ ಕೂತ ಹಿರಿಯರಿಗಂತೂ ಇನ್ನೂ ದೊಡ್ಡ ಆರೋಪ. ಮಗನಿಗೆ ಅದು ಹೊಳೆದಿರಬೇಕು. ಪ್ರಶ್ನೆ ಬದಲಿಸಿದ.

“ಡಬ್ಬಿ ಮುಂದ ಹೋಗಿ ನಿಲ್ಲು. ಏನ್ ಕಾಣತೈತಿ ಹೇಳು.”

“ಎರಡು ಹಸರ ದೀಪ ಹತ್ತ್ಯಾವು. ಒಂದು ಕೆಂಪು ಐತಿ, ಮಿಣಕ್ ಮಿಣಕ್ ಅನ್ನಾಕತ್ತೈತಿ.”

“ಕೆಂಪ ದೀಪದ ಕೆಳಗ ಏನ್ ಬರದೈತಿ?”

“ಇಂಗ್ಲೀಷ್ ಐತಿ, ನನಗೇನ್ ತಿಳೀತೈತಿ?” ತುಸು ತಡೆದು ಅವರೇ ಮುಂದುವರಿಸಿದರು. “ಮೂರ ಅಕ್ಷರ ಅದಾವು. ನಡುವಿಂದು ಸೊನ್ನಿ. ಕಡೀದು ಹಾವಿನಂಗ ಐತಿ.”

ಇದಕ್ಕಿಂತ ನಿಖರವಾದ ಉತ್ತರ ಇಂಜಿನಿಯರ್ ಕೂಡ ಕೊಡಲಾರ. ಆ ಪೆಟ್ಟಿಗೆಯ ಮೇಲೆ ನಡುವೆ ಸೊನ್ನೆಯಿರುವ ಮೂರಕ್ಷರದ ಹೆಸರುಗಳು ಎರಡು: ಪಿಒಎನ್ ಮತ್ತು ಎಲ್‌ಒಎಸ್. ಹಾವಿನಂತಿರುವುದು ಎಲ್‌ಒಎಸ್‌ನ ಕೊನೆಯ ಅಕ್ಷರ. ಅದು ಕೆಂಪಾದರೆ ಗಾಜಿನ ಎಳೆಯೊಳಗೆ ಬರಬೇಕಾದ ಬೆಳಕು ಪೆಟ್ಟಿಗೆಗೆ ಮುಟ್ಟುತ್ತಿಲ್ಲ ಎಂದರ್ಥ. ಪಿಒಎನ್ ಸ್ಥಿರವಾಗಿ ಹಸಿರಾಗಿದ್ದರೆ ಬೆಳಕು ಬಂದಿದೆ, ತೊಂದರೆ ಬೇರೆಡೆ ಇದೆ. ಇಂಗ್ಲಿಷ್ ಓದಲು ಬಾರದ ಒಂದು ಜೊತೆ ಕಣ್ಣು ಎರಡನೇ ಹಂತವನ್ನು ಬೊಟ್ಟಿಟ್ಟು ತೋರಿಸಿತ್ತು.

ಕಂಪನಿಯ ಸಹಾಯವಾಣಿ ಹಿಂದಿ, ಮರಾಠಿ, ಇಂಗ್ಲಿಷ್ ಮೂರನ್ನೇ ಕೊಡುತ್ತದೆ. ಅಲ್ಲಿಗೆ ಫೋನ್ ಮಾಡುವ ಮುನ್ನ ಮಗ ಇನ್ನೊಂದು ಮಾತು ಹೇಳಿದ. “ಹಿಂದ ಹಳದಿ ದಾರ ಐತಿ ನೋಡು. ಜಗ್ಗಬ್ಯಾಡ. ಕಣ್ಣಿಲೆ ನೋಡಕೋಂತ ಹೋಗು.”

“ಕಪಾಟಿನ ಸಂದ್ಯಾಗ ಸಿಕ್ಕೊಂಡು ಮಡಚೈತಿ.”

ಬೆಳಗ್ಗೆ ಕಸ ಗುಡಿಸುವಾಗ ಸಣ್ಣ ಕಪಾಟನ್ನು ಸರಿಸಿದ್ದರಂತೆ. ತಾಮ್ರದ ತಂತಿ ಇಂಥ ಮಡಿಕೆಯನ್ನು ಸಹಿಸಿಕೊಳ್ಳುತ್ತದೆ. ಗಾಜಿನ ಎಳೆ ಹಾಗಲ್ಲ. ತೀರಾ ಬಗ್ಗಿದ ಕಡೆ ಬೆಳಕು ಹೊರಗೆ ಸೋರಿಹೋಗುತ್ತದೆ. ಕಪಾಟನ್ನು ಈಚೆಗೆ ಎಳೆದು ದಾರವನ್ನು ಸಡಿಲ ಬಿಟ್ಟ ಮೇಲೆ ಕೆಂಪು ದೀಪ ಆರಿತು. ಒಂದೆರಡು ನಿಮಿಷದಲ್ಲಿ ಪಿಒಎನ್ ಹಸಿರಾಯಿತು. ಎಳೆ ಮುರಿದೇ ಹೋಗಿದ್ದರೆ ಇಷ್ಟು ಸುಲಭವಿರಲಿಲ್ಲ, ಕಂಪನಿಯವರೇ ಬರಬೇಕಾಗುತ್ತಿತ್ತು. ಆ ಎಳೆಯನ್ನು ಬಿಚ್ಚಿ ತುದಿಯೊಳಗೆ ಇಣುಕಿ ನೋಡಲು ಮಾತ್ರ ಯಾರಿಗೂ ಹೇಳಬಾರದು. ಮನೆಗೆ ಬರುವ ಆ ಬೆಳಕಿನ ತರಂಗಾಂತರ ಸಾಮಾನ್ಯವಾಗಿ 1490 ನ್ಯಾನೊಮೀಟರ್. ನಮ್ಮ ಕಣ್ಣಿಗೆ ಕಾಣುವುದು ಸುಮಾರು 700ರವರೆಗೆ. ಕಾಣದ ಲೇಸರ್ ಕೂಡ ಲೇಸರ್ ಆಗಿಯೇ ಇರುತ್ತದೆ.

ಕೆಂಪು ದೀಪವೇ ಇಲ್ಲದಿದ್ದರೆ? ಆಗ ಫೋನಿನ ಮೊಬೈಲ್ ಡೇಟಾ ಆರಿಸಿ ನೋಡಬೇಕು. ಇಲ್ಲವಾದರೆ ಯಾವುದು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಬ್ರೌಸರಿನಲ್ಲಿ 192.168.1.1 ಅಥವಾ ಪೆಟ್ಟಿಗೆಯ ಅಡಿಯಲ್ಲಿ ಬರೆದಿರುವ ವಿಳಾಸ ಹಾಕಿದಾಗ ರೂಟರಿನ ಪುಟ ತೆರೆದರೆ ಮೊದಲ ಹಂತ ಸರಿಯಿದೆ. ಎರಡನೆಯದೂ ಸರಿಯಿದ್ದರೆ ರೀಚಾರ್ಜ್ ಮುಗಿದಿರಬಹುದು, ಕಂಪನಿಯ ಕಡೆಯೇ ತೊಂದರೆಯಿರಬಹುದು. ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಕೈಕೊಟ್ಟಿರಬಹುದು. ಹಾಗಿದ್ದರೆ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಅನ್ನು 8.8.8.8 ಅಥವಾ 1.1.1.1ಕ್ಕೆ ಬದಲಿಸಿದರೆ ನಡೆಯುತ್ತದೆ.

ಎರಡು ಇಂಗ್ಲಿಷ್ ಪದಗಳನ್ನು ಮಾತ್ರ ಬಿಡಿಸಿ ಹೇಳಬೇಕು. ರೀಸ್ಟಾರ್ಟ್ ಅಂದರೆ ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕುವುದು, ಅದರಿಂದ ನಷ್ಟವೇನಿಲ್ಲ. ರೀಸೆಟ್ ಅಂದರೆ ಹಿಂಬದಿಯ ತೂತಿನೊಳಗೆ ಪಿನ್ನು ಚುಚ್ಚಿ ಒತ್ತುವುದು. ಅದು ಯೂಸರ್‌ನೇಮು, ಪಾಸ್‌ವರ್ಡುಗಳನ್ನೆಲ್ಲ ಅಳಿಸಿಹಾಕುತ್ತದೆ. ಸಣ್ಣ ತೊಂದರೆ ದೊಡ್ಡದಾಗುವುದು ಹೆಚ್ಚಾಗಿ ಈ ಎರಡು ಪದಗಳು ಫೋನಿನಲ್ಲಿ ಒಂದೇ ಥರ ಕೇಳಿಸುವುದರಿಂದ. ‘ತೂತಿಗೆ ಪಿನ್ನು ಚುಚ್ಚಬೇಡಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮುಂದಿನ ಸಲ ಊರಿಗೆ ಹೋದಾಗ, ಅಥವಾ ಊರೇ ನಿಮ್ಮ ಮನೆಗೆ ಬಂದು ಕೂತಿರುವಾಗ, ಎಲ್ಲ ದೀಪವೂ ಸರಿಯಿರುವ ಒಂದು ದಿನ ಪೆಟ್ಟಿಗೆಯ ಫೋಟೊ ತೆಗೆದಿಟ್ಟುಕೊಳ್ಳಿ. ಪಕ್ಕದಲ್ಲಿ ಚೀಟಿ ಅಂಟಿಸಿ, ಯಾವ ದೀಪ ಯಾವ ಬಣ್ಣದಲ್ಲಿರಬೇಕು ಎಂದು ಮನೆಯವರ ಮಾತಿನಲ್ಲೇ ಬರೆಯಿರಿ. ಎಲ್‌ಒಎಸ್ ಎಂದು ಬರೆಯಬೇಕಾಗಿಲ್ಲ. ‘ಹಾವಿನ ದೀಪ ಕೆಂಪಾದರೆ ಹಳದಿ ದಾರ ನೋಡು’ ಅಂದರೆ ಸಾಕು.