ಕೂಗು ಎಣಿಸುವವರು

ನಮ್ಮ ಮನೆಯ ಅಡುಗೆಮನೆಯಲ್ಲಿ ಒಂದು ಕಾಲಕ್ಕೆ ಎಲ್ಲರಿಗೂ ಕೆಲಸವಿತ್ತು. ಸಂಬಳ ಇಲ್ಲ, ರಜೆ ಇಲ್ಲ, ಬೈಗುಳ ಮಾತ್ರ ಧಾರಾಳ. ಒಲೆಯ ಮುಂದೆ ನಿಲ್ಲುತ್ತಿದ್ದವಳು ಅಮ್ಮ ಒಬ್ಬಳೇ. ಆದರೆ ನೋಡುವುದು, ಕೇಳುವುದು, ಮೂಸುವುದು, ಎಣಿಸುವುದು ಇಷ್ಟನ್ನೂ ಆಕೆ ಹೊಸ ಮುಖ್ಯಮಂತ್ರಿಯ ಹಾಗೆ ಖಾತೆ ಮಾಡಿ ಮನೆಮಂದಿಗೆಲ್ಲ ಹಂಚಿಬಿಟ್ಟಿದ್ದಳು. ಕುಕ್ಕರಿನ ಕೂಗು ಎಣಿಸುವ ಖಾತೆ ಹಜಾರದಲ್ಲಿ ಕೂತ ಅಪ್ಪನದು. ಹಾಲು ಕಾಯುವ ಖಾತೆ ಮಕ್ಕಳದು. ವಾಸನೆ ಖಾತೆ ಅಜ್ಜಿಯದು.

ಈಗ ನಮ್ಮ ಅಡುಗೆ ಕಟ್ಟೆಯ ಮೇಲೆ ಒಂದು ಯಂತ್ರ ಕೂತಿದೆ. ಸ್ಟೀಲಿನ ಜಾರು, ತಳದಲ್ಲಿ ತಿರುಗುವ ಅಲಗು, ಎದೆಯ ಮೇಲೊಂದು ಪರದೆ, ಮೈಯೆಲ್ಲ ಸೆನ್ಸರ್. ಬಿಸಿ ಎಷ್ಟು, ತೂಕ ಎಷ್ಟು, ಮುಚ್ಚಳ ಕೂತಿದೆಯೋ ಇಲ್ಲವೋ, ಎಲ್ಲ ಅದಕ್ಕೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳದೆ ಫೋನಿನ ಆ್ಯಪಿಗೆ ವರದಿ ಒಪ್ಪಿಸುತ್ತದೆ. ಖಾತೆಗಳೆಲ್ಲ ಒಂದೇ ದಿನಕ್ಕೆ ರದ್ದಾದವು. ಅಪ್ಪನಿಂದ ಕೂಗಿನ ಖಾತೆ ವಂಶಪಾರಂಪರ್ಯವಾಗಿ ನನಗೆ ಬಂದಿತ್ತು. ಹಾಗಾಗಿ ನಾನು ಮೊದಲು ಕಚೇರಿಯಿಂದ, ಆಮೇಲೆ ಕುಕ್ಕರಿನಿಂದ, ಎರಡು ಸಲ ನಿವೃತ್ತನಾದವನು. ಎರಡನೆಯದಕ್ಕೆ ಹಾರ ಶಾಲು ಯಾರೂ ಹಾಕಲಿಲ್ಲ.

ಅಪ್ಪನ ಕಾಲದಲ್ಲಿ ಅದು ಸಾಮಾನ್ಯ ಹೊಣೆಯಾಗಿರಲಿಲ್ಲ. ನಾವಿದ್ದದ್ದು ಮೈಸೂರಿನ ಅಗ್ರಹಾರದ ಒಂದು ವಠಾರದಲ್ಲಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ಬೆಳಿಗ್ಗೆ ಆಫೀಸು, ಇಸ್ಕೂಲಿನ ಹೊತ್ತಿಗೆ ಅಷ್ಟೂ ಮನೆಯ ಕುಕ್ಕರುಗಳು ಒಟ್ಟಿಗೆ ಕೂಗಲು ಶುರುಮಾಡುತ್ತಿದ್ದವು. ಆ ಗದ್ದಲದಲ್ಲಿ ನಮ್ಮದರ ಕೂಗು ಯಾವುದೆಂದು ಹಿಡಿಯಬೇಕು. ಅಪ್ಪ ಪ್ರಜಾವಾಣಿಯಿಂದ ಕಣ್ಣೆತ್ತದೆ ಹಿಡಿಯುತ್ತಿದ್ದರು. "ನಮ್ಮದು ಕೂಗೋಕ್ಕೆ ಮುಂಚೆ ಒಂದು ಸಲ ಕೆಮ್ಮುತ್ತೆ, ಎದುರುಮನೇದು ನೇರವಾಗಿ ಏರಿಬಿಡುತ್ತೆ, ಮೂಲೆಮನೇದು ಅರ್ಧಕ್ಕೇ ಸುಸ್ತಾಗುತ್ತೆ" ಎಂದು ಅವರ ವಿಶ್ಲೇಷಣೆ. ಸಂಗೀತದ ಕಛೇರಿಗೆ ಹೋದರೆ ಮೋಹನವೋ ಹಂಸಧ್ವನಿಯೋ ಗೊತ್ತಾಗದೆ ಪಕ್ಕದವರನ್ನು ಕೇಳುತ್ತಿದ್ದ ಮನುಷ್ಯ ಇವರೇ. ಅಪರೂಪಕ್ಕೆ ಸಂಪಾದಕೀಯ ರುಚಿಸಿದ ದಿನ ಎದುರುಮನೆಯ ಕೂಗೊಂದು ನಮ್ಮ ಲೆಕ್ಕಕ್ಕೆ ಸೇರಿ, ಬೇಳೆ ಬಟ್ಟಲಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಆ ದಿನ ಅಮ್ಮ ಸಾರನ್ನು ಅಪ್ಪನಿಗೇ ಮೊದಲು ಬಡಿಸುತ್ತಿದ್ದಳು. ಮಾತಾಡುತ್ತಿರಲಿಲ್ಲ.

ಕುಕ್ಕರಿನ ಕಂಪನಿಗಳು ಕೊಡುವ ಪುಸ್ತಕವನ್ನು ಯಾರಾದರೂ ಓದಿದ್ದರೆ ಈ ಎಣಿಕೆಯೇ ದಂಡ ಎಂದು ತಿಳಿಯುತ್ತಿತ್ತು. ಒಳಗೆ ಆವಿ ಕಟ್ಟಿಕೊಂಡರೆ ಅಲ್ಲಿ ನೀರು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೂ ಕುದಿಯದೆ ಬಿಸಿಯಾಗುತ್ತದೆ, ಬೇಳೆ ಬೇಗ ಬೇಯುತ್ತದೆ. ಒತ್ತಡ ಮಿತಿ ಮುಟ್ಟಿದಾಗ ವೆಯ್ಟು ಎದ್ದು ಆವಿಯನ್ನು ಹೊರಗೆ ಬಿಡುತ್ತದೆ. ಇನ್ನು ಉರಿ ತಗ್ಗಿಸಿ, ಗಡಿಯಾರ ನೋಡಿಕೊಳ್ಳಿ ಎಂಬುದಷ್ಟೇ ಆ ಕೂಗಿನ ತಾತ್ಪರ್ಯ. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಮೂಳೆಯನ್ನೂ ಮೆತ್ತಗಾಗಿಸುವ ಬಿಗಿಮುಚ್ಚಳದ ಪಾತ್ರೆಯನ್ನು ತೋರಿಸಿದಾಗ, ಅದು ಮುಂದೊಂದು ದಿನ ಮೈಸೂರಿನ ಹಜಾರಗಳಲ್ಲಿ ಗಂಡಸರನ್ನು ಎಣಿಸಲು ಕೂರಿಸುತ್ತದೆಂದು ಅವನು ಎಣಿಸಿರಲಾರ. ನಿಮಿಷಕ್ಕೆ ಯಾರ ಅಗತ್ಯವೂ ಇಲ್ಲ, ಗೋಡೆ ಗಡಿಯಾರ ಸಾಕು. ಕೂಗಿಗಾದರೆ ಒಬ್ಬ ಆಳು ಬೇಕು. ಅದನ್ನು ಅರಿತೇ ಅಮ್ಮ ಪುಸ್ತಕವನ್ನು ಅಟ್ಟದ ಮೇಲೆ ಎಸೆದಿದ್ದಳೋ ಏನೋ.

ಹಾಲಿನ ಖಾತೆ ಇದಕ್ಕಿಂತ ಕಷ್ಟದ್ದು. ಕುಕ್ಕರು ಕೂಗಿ ಹೇಳುತ್ತದೆ, ಹಾಲಿಗೆ ಬಾಯಿಲ್ಲ. ಕಾಯುತ್ತ ಕಾಯುತ್ತ ಅದರ ಪ್ರೋಟೀನು, ಕೊಬ್ಬು ಮೇಲೆ ಬಂದು ಕೆನೆ ಕಟ್ಟುತ್ತದೆ. ಕೆಳಗಿನ ಆವಿಗೆ ದಾರಿ ಮುಚ್ಚುತ್ತದೆ. ಕೊನೆಗೆ ಆವಿ ಕೆನೆಯನ್ನೇ ಎತ್ತಿಕೊಂಡು ದಡದಡನೆ ಮೇಲೇಳುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣಿಸಿದ್ದಕ್ಕೂ ಒಲೆ ಆರಿದ್ದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು. "ಹಾಲು ನೋಡ್ಕೋ" ಎಂದರೆ ನಾನೂ ತಂಗಿಯೂ ನಿಷ್ಠೆಯಿಂದ ನೋಡುತ್ತಿದ್ದೆವು. ಉಕ್ಕುವುದನ್ನೂ ನೋಡುತ್ತಿದ್ದೆವು. "ಅಮ್ಮಾ, ಹಾಲು ಉಕ್ಕಿತು" ಎಂದು ವರದಿಯನ್ನೂ ಕೊಡುತ್ತಿದ್ದೆವು. ಆರಿಸು ಎಂದು ನಮಗೆ ಯಾರೂ ಹೇಳಿರಲಿಲ್ಲವಲ್ಲ! ಆಮೇಲೆ ಎರಡು ಪದರದ ಹಾಲಿನ ಕುಕ್ಕರ್ ಬಂತು. ಪದರಗಳ ನಡುವೆ ನೀರು ಹಾಕಿಟ್ಟರೆ ಆ ನೀರು ಕುದಿದಾಗ ಪೀಪಿ ಊದುತ್ತದೆ, ಹಾಲು ಉಕ್ಕುವುದಿಲ್ಲ. ನನ್ನ ಲೆಕ್ಕದಲ್ಲಿ ನಮ್ಮ ಮನೆಗೆ ಬಂದ ಮೊದಲ ಸ್ಮಾರ್ಟ್ ಉಪಕರಣ ಅದೇ. ಮೊದಲು ಕೆಲಸ ಕಳೆದುಕೊಂಡವರು ನಾವಿಬ್ಬರು.

ಅಜ್ಜಿಯ ಖಾತೆಗೆ ಮಾತ್ರ ಯಾವ ಯಂತ್ರವೂ ಕೈಹಾಕಲಿಲ್ಲ. ಮಡಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಮಾತೂ ಇಲ್ಲ. ಹತ್ತಿಯ ಎಳೆ ಬೆರಳಲ್ಲಿ ನಿಲ್ಲಿಸಿ, ಮೂಗು ಸ್ವಲ್ಪ ಮೇಲೆತ್ತಿ, "ಹುಣಸೆಹುಳಿ ಹಸಿವಾಸನೆ ಇನ್ನೂ ಹೋಗಿಲ್ಲ ಕಣೇ" ಎನ್ನುತ್ತಿದ್ದಳು. ಅಮ್ಮ ಮರುಮಾತಾಡದೆ ಸಾರನ್ನು ಇನ್ನಷ್ಟು ಹೊತ್ತು ಕುದಿಸುತ್ತಿದ್ದಳು. ಅತ್ತೆಯ ಮಾತಿಗೆ ಸೊಸೆ ಎದುರಾಡದೆ ಒಪ್ಪುತ್ತಿದ್ದ ಏಕೈಕ ವಿಷಯ ಅದು. ನಮ್ಮ ಆ್ಯಪಿನಲ್ಲಿ ಆ ಜಾಗದಲ್ಲಿ "7 ನಿಮಿಷ" ಎಂದಿದೆ. ಹುಣಸೆ ಹೊಸದೋ ಹಳೆಯದೋ, ಹುಳಿ ಗಟ್ಟಿಯೋ ನೀರೋ, ಏಳೆಂದರೆ ಏಳು.

ಯಂತ್ರ ಕಳಿಸಿದವನು ಮಗ. ಕ್ಯಾಲಿಫೋರ್ನಿಯಾದಲ್ಲಿರುತ್ತಾನೆ. ತನ್ನ ಅಮ್ಮನ ಭುಜ ನೋವೆಂದು ಕೇಳಿ, ಬೇಡ ಬೇಡವೆಂದರೂ ಆನ್‌ಲೈನಿನಲ್ಲೇ ಇಲ್ಲಿಗೆ ತರಿಸಿದ. ಜೊತೆಗೊಂದು ಇಂಡಕ್ಷನ್ ಒಲೆ. ಇಂಡಕ್ಷನ್ ಒಲೆಗೆ ಎಲ್ಲ ಪಾತ್ರೆಯೂ ಆಗಿಬರುವುದಿಲ್ಲ. ಅದರ ಸುರುಳಿಯಲ್ಲಿ ಹುಟ್ಟುವ ಕಾಂತಕ್ಷೇತ್ರ ಪಾತ್ರೆಯ ತಳವನ್ನೇ ಕಾಯಿಸುವುದರಿಂದ ತಳ ಆಯಸ್ಕಾಂತಕ್ಕೆ ಅಂಟುವಂಥದ್ದಾಗಿರಬೇಕು. ನನ್ನ ಹೆಂಡತಿ ಫ್ರಿಜ್ಜಿನ ಬಾಗಿಲಲ್ಲಿದ್ದ ಗಣಪತಿಯ ಆಯಸ್ಕಾಂತವನ್ನು ಕಿತ್ತುಕೊಂಡು ಪಾತ್ರೆಗಳ ಪರೀಕ್ಷೆಗೆ ಹೊರಟಳು. ಹಿತ್ತಾಳೆ ಚರಿಗೆಗೆ ಹಿಡಿದರೆ ಗಣಪತಿ ಜಾರಿದ. ತಾಮ್ರದ ಹಂಡೆ, ಹಿಂಡಾಲಿಯಂ ಬಾಣಲೆ, ಎರಡರಲ್ಲೂ ನಿಲ್ಲಲಿಲ್ಲ. ನಮ್ಮ ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲು ಪಾತ್ರೆಗಳಲ್ಲಿ ಕೆಲವಕ್ಕೆ ಅಂಟಿದ, ಕೆಲವಕ್ಕೆ ಇಲ್ಲ. ಯಾರು ಕೊಟ್ಟದ್ದಕ್ಕೆ ಅಂಟಿತು, ಯಾರದಕ್ಕೆ ಅಂಟಲಿಲ್ಲ ಎಂಬುದರ ಮೇಲೆ ನಮ್ಮ ನೆಂಟರಿಷ್ಟರ ಮರುಮೌಲ್ಯಮಾಪನ ಆ ಮಧ್ಯಾಹ್ನವೇ ನಡೆಯಿತು. ನಿಕ್ಕಲ್ ಹೆಚ್ಚಿರುವ ಒಳ್ಳೆಯ ಸ್ಟೀಲಿಗೇ ಆಯಸ್ಕಾಂತ ಅಂಟುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ನನ್ನ ಕಡೆಯವರು ಸೋತಾಗಿತ್ತು. ಗಣಪತಿ ಗಟ್ಟಿಯಾಗಿ ಹಿಡಿದು ಕೂತದ್ದು ಅಜ್ಜಿಯ ಕಬ್ಬಿಣದ ದೋಸೆಹೆಂಚಿಗೆ.

ಯಂತ್ರ ಶುರುಮಾಡಬೇಕಾದರೆ ಆ್ಯಪಿನಲ್ಲಿ ಹೆಸರು ನೋಂದಾಯಿಸಬೇಕು. ಕೊಂಡವನು ಮಗನಾದ್ದರಿಂದ ಅದು ಅವನ ನಂಬರನ್ನೇ ಪಟ್ಟಾಗಿ ಹಿಡಿದುಕೊಂಡಿತು. ಇಲ್ಲಿ ನಾವು ಗುಂಡಿ ಒತ್ತಿದರೆ ಒಟಿಪಿ ಅಲ್ಲಿ ಹೋಗುತ್ತದೆ. ಬ್ಯಾಂಕಿನಿಂದ ದುಡ್ಡು ತೆಗೆಯಲು ಒಟಿಪಿ ಬೇಕೆಂದರೆ ಒಪ್ಪಬಹುದು, ಉಪ್ಪಿಟ್ಟಿಗೂ ಬೇಕೆಂದರೆ? ಅಂತೂ ಆ ಮೊದಲ ದಿನ ಅವನನ್ನು ನಿದ್ದೆಯಿಂದ ಎಬ್ಬಿಸಿ ಸಂಖ್ಯೆ ಪಡೆದು ನಾವು ಉಪ್ಪಿಟ್ಟು ತಿಂದೆವು. ಚೆನ್ನಾಗಿಯೇ ಇತ್ತು. ಅದು ನನಗೆ ಸ್ವಲ್ಪ ಬೇಸರವನ್ನೇ ತಂದಿತು.

ಯಂತ್ರದೊಳಗೊಂದು ತಕ್ಕಡಿಯಿದೆ. "ಈರುಳ್ಳಿ 150 ಗ್ರಾಂ ಹಾಕಿ" ಎಂದು ಪರದೆ ಹೇಳುತ್ತದೆ, ಹಾಕುತ್ತಿದ್ದಂತೆ ಅಂಕಿ ಏರುತ್ತದೆ. ನನ್ನ ಹೆಂಡತಿಗೆ ಇಡೀ ಯಂತ್ರದಲ್ಲಿ ಮೊದಲು ಮೆಚ್ಚುಗೆಯಾದದ್ದು ಇದೇ. ಆದರೆ ಅವಳು ಅದರಲ್ಲಿ ಈರುಳ್ಳಿ ತೂಗಲಿಲ್ಲ. ತಳ್ಳುಗಾಡಿಯವನು ಅರ್ಧ ಕೆಜಿ ಎಂದು ಕೊಟ್ಟ ಹುರುಳಿಕಾಯಿ ತೂಗಿದಳು. ನಂತರ ಬೀದಿಗಿಳಿದಳು. ಈಗ ನಮ್ಮ ಗೇಟಿನ ಮುಂದೆ ಅವನ ಗಾಡಿ ನಿಂತರೆ ಒಂದು ಹಿಡಿ ಕೊಸರು ಕೇಳದೆಯೇ ಬೀಳುತ್ತದೆ.

ಅಡುಗೆ ಹೇಳಿಕೊಡುವ ಯಂತ್ರ ನಿನ್ನೆ ಮೊನ್ನೆಯದೇನಲ್ಲ. 1969ರಲ್ಲಿ ಅಮೆರಿಕದ ನೀಮನ್ ಮಾರ್ಕಸ್ ಎಂಬ ಮಳಿಗೆಯ ಕ್ಯಾಟಲಾಗಿನಲ್ಲಿ ಹನಿವೆಲ್ ಕಂಪನಿಯ ಅಡುಗೆಮನೆ ಕಂಪ್ಯೂಟರ್ ಕಾಣಿಸಿಕೊಂಡಿತು. ಬೆಲೆ 10,600 ಡಾಲರ್. ತರಕಾರಿ ಹೆಚ್ಚುವ ಮಣೆ ಅದಕ್ಕೇ ಅಂಟಿಕೊಂಡಿತ್ತು. ಅದರ ಜೊತೆ ಮಾತಾಡಬೇಕಾದರೆ ಗೃಹಿಣಿ ಎರಡು ವಾರ ತರಗತಿಗೆ ಹೋಗಿ ಸ್ವಿಚ್ಚು ಒತ್ತುವ ಸಂಕೇತಭಾಷೆ ಕಲಿಯಬೇಕು, ಅದು ದೀಪ ಮಿಣುಕಿಸಿ ಉತ್ತರ ಕೊಡುತ್ತದೆ. ಒಂದೂ ಮಾರಾಟವಾದ ದಾಖಲೆಯಿಲ್ಲ. ಜರ್ಮನಿಯ ಥರ್ಮೋಮಿಕ್ಸ್ ಬುದ್ಧಿವಂತಿಕೆ ತೋರಿತು. 1971ರಲ್ಲಿ ಬಂದ ಆ ಯಂತ್ರ ಮೊದಲು ರುಬ್ಬುವುದು, ಬೇಯಿಸುವುದು ಎರಡನ್ನೇ ಮಾಡಿ ಅಡುಗೆಮನೆಯಲ್ಲಿ ಕಾಲೂರಿ, ಆ್ಯಪು ಗೀಪು ಆಮೇಲೆ ಕಟ್ಟಿಕೊಂಡಿತು. ನಮ್ಮಲ್ಲಿ ನೋಡಿದರೆ ಚಾವುಂಡರಾಯನೆಂಬ ಕವಿ 1025ರಷ್ಟು ಹಿಂದೆಯೇ ಲೋಕೋಪಕಾರದಲ್ಲಿ ಬೇಸಾಯ, ಬಾವಿ ತೋಡುವುದರ ಪಕ್ಕದಲ್ಲೇ ಅಡುಗೆಯನ್ನೂ ಹೇಳಿದ್ದಾನೆ. ಮುಂದೆ ಮಂಗರಸ ಸೂಪಶಾಸ್ತ್ರವನ್ನು ಷಟ್ಪದಿಯಲ್ಲೇ ಬರೆದ. ಒಗ್ಗರಣೆ ಹಾಕುತ್ತ ಹಾಡಿಕೊಳ್ಳಬಹುದಾದ ಪಾಕಪುಸ್ತಕ! ಬ್ಯಾಟರಿ ಮುಗಿಯುವುದಿಲ್ಲ, ಒಟಿಪಿ ಕೇಳುವುದಿಲ್ಲ. ಛಂದಸ್ಸು ತಪ್ಪದಂತೆ ನೋಡಿಕೊಂಡರಾಯಿತು.

ಈ ಹಳಹಳಿಕೆಯನ್ನೆಲ್ಲ ಹೆಂಡತಿಯ ಮುಂದೆ ಹೇಳಿ ನೋಡಿದೆ. ಯಂತ್ರ ಕಾಶಿಹಲ್ವ ತಿರುವುತ್ತಿತ್ತು. ಅವಳು ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂತ ಹೆಂಗಸನ್ನು ನಮ್ಮ ಮನೆತನದಲ್ಲಿ ನಾನು ನೋಡಿದ್ದು ಅದೇ ಮೊದಲು.

"ರೀ, ನಿಮಗೆ ಎಣಿಸೋ ಕೆಲಸ ಹೋಯ್ತು ಅಂತ ಬೇಜಾರು. ನನಗೆ ಎಷ್ಟಾಯ್ತೂ ಅಂತ ಒಳಗಿಂದ ಕೂಗಿ ಕೂಗಿ ಕೇಳೋದು ತಪ್ಪಿತು ಅಂತ ನೆಮ್ಮದಿ. ಕುಕ್ಕರ್‌ಗಿಂತ ಹೆಚ್ಚು ನಾನೇ ಕೂಗಿದೀನಿ. ನೀವು ಮೂರು ಅನ್ನೋವಾಗ ಅದು ಐದು ಕೂಗಿರ್ತಿತ್ತು."

"ನಾಲ್ಕು" ಎಂದೆ.

"ಹೂಂ, ನಾಲ್ಕು" ಎಂದು ಹಲ್ವದ ಕಡೆಗೆ ತಿರುಗಿದಳು.

ಇದಕ್ಕೆ ಉತ್ತರವಿರಲಿಲ್ಲ. ಹಲ್ವ ತಳ ಹಿಡಿಯದಂತೆ ಗಂಟೆಗಟ್ಟಲೆ ಸೌಟು ಆಡಿಸಿದ ಭುಜ ಅವಳದು. ನನ್ನದೇನಿದ್ದರೂ ಬೆರಳೆಣಿಕೆಯ ಕಷ್ಟ. ವಠಾರದ ಕೂಗಿಗಾಗಿ ಹಲುಬುವವರೆಲ್ಲ ಹಜಾರದಲ್ಲಿ ಕೂತಿದ್ದವರೇ. ಒಳಗಿದ್ದವರ ಪೈಕಿ ಒಬ್ಬರೂ ಹಲುಬಿದ್ದನ್ನು ನಾನು ಕೇಳಿಲ್ಲ.

ಒಂದು ಖಾತೆ ಮಾತ್ರ ಹೊಸದಾಗಿ ಹುಟ್ಟಿಕೊಂಡಿದೆ. ಯಂತ್ರದ ಸಂದೇಶಗಳೆಲ್ಲ ಈಗಲೂ ಮಗನ ಫೋನಿಗೇ ಹೋಗುತ್ತವೆ. ನಮ್ಮ ಬೆಳಿಗ್ಗೆ ಹನ್ನೊಂದೆಂದರೆ ಬೇಸಗೆಯಲ್ಲಿ ಅವನಿಗೆ ಹಿಂದಿನ ರಾತ್ರಿ ಹತ್ತೂವರೆ. ಇಲ್ಲಿ ಇವಳು ಹುಳಿಗೆ ಬೇಳೆ ಇಟ್ಟರೆ ಅಲ್ಲಿ ಹಾಸಿಗೆ ಬಿಚ್ಚುತ್ತಿರುವವನ ಫೋನು ಟಿಣ್ ಎನ್ನುತ್ತದೆ. ಬೆಂದಿತು, ಬಿಸಿಯಾಯಿತು ಎಂಬುದಕ್ಕೆಲ್ಲ ಅವನು ತಲೆ ಕೆಡಿಸಿಕೊಳ್ಳುವುದಿಲ್ಲ. ಮುಚ್ಚಳ ಸರಿಯಾಗಿ ಕೂರದೆ ಯಂತ್ರ ನಿಂತುಬಿಟ್ಟರೆ ಮಾತ್ರ ಗಾಬರಿಯಾಗಿ ಫೋನ್ ಮಾಡುತ್ತಾನೆ.

"ಅಮ್ಮಾ, ಮುಚ್ಚಳ ಲಾಕ್ ಆಗಿಲ್ಲ ಅಂತ ಬರ್ತಿದೆ, ನೋಡು."

"ಹೌದೇನೋ? ನೋಡ್ತೀನಿ ಇರು. ಊಟ ಆಯ್ತಾ ನಿಂದು? ಏನ್ ತಿಂದೆ?"

"ಆಯ್ತಮ್ಮ. ಮೊದಲು ಮುಚ್ಚಳ ನೋಡು."

"ಏನ್ ತಿಂದೆ ಅಂತ ಕೇಳಿದ್ದು."

ಹೀಗೆ ಶುರುವಾದದ್ದು ಸೊಸೆಯ ನೆಗಡಿ, ಅವನ ಮ್ಯಾನೇಜರಿನ ಕಿರುಕುಳ, ನಮ್ಮ ಬೀದಿಯ ಒಳಚರಂಡಿ ಎಲ್ಲ ಸುತ್ತಿ ಬರುವಷ್ಟರಲ್ಲಿ ಯಂತ್ರ ಪಿಪ್ಪಿಪ್ ಎಂದು ಹೊಡೆದುಕೊಂಡು ಸುಸ್ತಾಗಿ ಸುಮ್ಮನಾಗಿರುತ್ತದೆ. ಫೋನಿಟ್ಟ ಮೇಲೆ ಒಂದೇ ತಿರುವಿಗೆ ಮುಚ್ಚಳ ಟಕ್ ಎಂದು ಕೂರುತ್ತದೆ. ಭಾನುವಾರ ತಾನಾಗಿ ಮಾಡುವ ವಿಡಿಯೋ ಕಾಲಿನಲ್ಲಿ ಈ ಮಾತೆಲ್ಲ ಬರುವುದಿಲ್ಲ, ಅಲ್ಲಿ ಎಲ್ಲರೂ ಕ್ಯಾಮೆರಾಕ್ಕೆ ನಗುತ್ತಿರುತ್ತಾರೆ.

ಕೂಗು ಎಣಿಸಿ ಅಭ್ಯಾಸವಾದವನಿಗೆ ಕಿವಿ ಸುಮ್ಮನಿರುವುದಿಲ್ಲ. ರಾತ್ರಿ ಅಡುಗೆಯ ಹೊತ್ತಿಗೆ, ಅಂದರೆ ಅಲ್ಲಿ ಬೆಳಗಿನ ಜಾವ ಅವನು ನಿದ್ದೆಯಲ್ಲಿರುವಾಗ, ಮುಚ್ಚಳ ಎಂದೂ ತಪ್ಪಿಲ್ಲ. ತಪ್ಪುವುದು ಹಗಲಲ್ಲಿ, ಅದೂ ವಾರದ ನಡುವೆ. ಯಂತ್ರದ ಕಂಪನಿಯ ಹುಡುಗ ಸರ್ವೀಸಿಗೆ ಬಂದಾಗ, "ಸಾರ್, ಅಕೌಂಟ್ ನಿಮ್ಮ ನಂಬರ್‌ಗೆ ಮಾಡ್ಕೊಡ್ಲಾ? ಎರಡು ನಿಮಿಷದ ಕೆಲಸ" ಎಂದ. ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ, "ಇರಲಿ ಬಿಡಪ್ಪ, ಅವನ ದುಡ್ಡಲ್ಲಿ ತಗೊಂಡಿದ್ದು, ಅವನ ನಂಬರೇ ಇರಲಿ" ಎಂದು ಉತ್ತರ ಬಂತು. ಕಾಫಿಯೂ ಬಂತು.

ಮೊನ್ನೆ ಮಗ ನನಗೇ ಫೋನ್ ಮಾಡಿದ. ಅಮ್ಮನಿಗೆ ಮುಚ್ಚಳ ಕಷ್ಟವಾಗುತ್ತಿದೆ, ತಾನಾಗಿ ಮುಚ್ಚಿಕೊಳ್ಳುವ ಹೊಸ ಮಾಡೆಲ್ ಬಂದಿದೆ, ಕಳಿಸಲಾ ಎಂದು ಕೇಳಿದ. ಫೋನನ್ನು ಅಂಗೈಯಿಂದ ಮುಚ್ಚಿ ಇವಳ ಮುಖ ನೋಡಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು:

"ಕಟ್ಟೆ ಮೇಲೆ ಜಾಗ ಇಲ್ಲ ಅನ್ನಿ."