ಸೋರುವ ಸ್ಲ್ಯಾಬಿಗೆ ಯಾವ ವಕೀಲರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನಾವು ಮನೆ ಕಟ್ಟಿ ನೋಡಿದ್ವಿ, ಆಮೇಲೆ ಅದೇ ಮನೆಗಾಗಿ ಕೇಸ್ ಹಾಕಿಯೂ ನೋಡಿದ್ವಿ. ಗಾದೆ ಮಾಡಿದವರು ಇದನ್ನು ಯಾಕೆ ಸೇರಿಸಲಿಲ್ಲವೋ ಗೊತ್ತಿಲ್ಲ.

ನಮ್ಮೂರು ಖಾನಾಪುರ. ಬೆಳಗಾವಿಯಿಂದ ಗೋವಾ ಕಡೆ ಹೋಗುವ ದಾರಿಯಲ್ಲಿ ಸಿಗುತ್ತೆ. ಇಲ್ಲಿಯ ಮಣ್ಣು ಇಟ್ಟಂಗಿ, ಹಂಚು, ಮಡಿಕೆಗೆ ಹೆಸರಾದದ್ದು. ಮಲಪ್ರಭೆ ಹುಟ್ಟುವ ಕಣಕುಂಬಿ ನಮ್ಮ ತಾಲೂಕಿನದೇ. ಅಂದ್ರೆ ಒಳ್ಳೆ ಇಟ್ಟಂಗಿಗೂ ಕೊರತೆ ಇಲ್ಲ, ಮಳೆಗೂ ಕೊರತೆ ಇಲ್ಲ. ಅಜ್ಜನ ಕಾಲದ ಹಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ್ವಿ. ಅಪ್ಪನ ಪಿಎಫ್ ಹಣ, ಅವ್ವನ ಬಂಗಾರ, ಬ್ಯಾಂಕ್ ಸಾಲ ಎಲ್ಲ ಸೇರಿ ಆದ ಮನೆ.

ಮೇ ತಿಂಗಳಲ್ಲಿ ಗೃಹಪ್ರವೇಶ. ಜೂನ್‌ನಲ್ಲಿ ಹಾಲ್‌ನ ಸ್ಲ್ಯಾಬ್ ಸೋರೋಕೆ ಶುರು. ಗುತ್ತಿಗೆದಾರರಿಗೆ ಫೋನ್ ಮಾಡಿದ್ರೆ, "ಹೊಸ ಮನಿ ಒಂದ್ ಮಳಿ ಕುಡೀಬೇಕ್ರಿ, ಆಮ್ಯಾಲೆ ಸರಿ ಆಗ್ತದ" ಅಂದ್ರು. ಮನೆ ಒಂದು ಮಳೆ ಕುಡೀತು. ಮೇಲೆ ಏನೋ ವಾಟರ್‌ಪ್ರೂಫ್ ಬಳಿದು ಹೋದ್ರು. ಮುಂದಿನ ವರ್ಷ ಎರಡನೇ ಮಳೆಯನ್ನೂ ಕುಡೀತು, ಜೊತೆಗೆ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಓರೆಯಾಗಿ ಒಂದು ಬಿರುಕು ಬಂತು. ಆಮೇಲೆ ಅವರು ನಮ್ಮ ಫೋನ್ ಎತ್ತೋದನ್ನೇ ಬಿಟ್ಟರು.

ವಕೀಲರು ಬೇಕು ಅಂದಾಗ ನಾವು ಎಲ್ಲರೂ ಮಾಡೋದನ್ನೇ ಮಾಡಿದ್ವಿ. ಕಾಕಾನ ಹೊಲದ ವಾಟ್ನಿ ಕೇಸ್ ಗೆದ್ದುಕೊಟ್ಟ ವಕೀಲರ ಹತ್ರ ಹೋದ್ವಿ. ಒಳ್ಳೆಯವರು, ಚಹಾ ಕುಡಿಸಿ ಕೂರಿಸಿ ಮಾತಾಡಿದ್ರು. "ಇದನ್ನ ರೇರಾಕ್ಕ ಹಾಕೋಣ್ರಿ, ಈಗ ಅದಾ ಭಾಳ ಸ್ಟ್ರಾಂಗ್ ಐತಿ" ಅಂದ್ರು. ನೋಟಿಸ್ ಹೋಯ್ತು, ಕಾಗದ ಕೂಡಿಸಿದ್ವಿ, ಹೀಗೆ ಐದು ತಿಂಗಳು ಕಳೀತು. ಕೊನೆಗೆ ಗೊತ್ತಾಗಿದ್ದೇನಂದ್ರೆ, 2016ರ ರೇರಾ ಕಾಯ್ದೆ ಇರೋದು ಪ್ಲಾಟ್, ಫ್ಲ್ಯಾಟ್ ಮಾಡಿ ಮಾರುವವರ ಮೇಲೆ. ನಮ್ಮ ಸ್ವಂತ ಜಾಗದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದ ಮನೆ ಅದರಲ್ಲಿ ಬರೋದೇ ಇಲ್ಲ. ನಮ್ಮದು ಹೋಗಬೇಕಾದದ್ದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅಥವಾ ಸಿವಿಲ್ ಕೋರ್ಟಿಗೆ. ಗ್ರಾಹಕ ಕಾಯ್ದೆಯಲ್ಲಿ ತೊಂದರೆ ಶುರುವಾದಾಗಿನಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಜೂನ್‌ನ ಆ ಮೊದಲ ಸೋರಿಕೆಯಿಂದ ಲೆಕ್ಕ ಹಾಕಿದ್ರೆ ಉಳಿದದ್ದು ಮೂರೇ ತಿಂಗಳು.

ಅವರು ನಮಗೆ ಮೋಸ ಮಾಡಲಿಲ್ಲ. ವಾಟ್ನಿ ಅವರಿಗೆ ಚೆನ್ನಾಗಿ ಗೊತ್ತು, ಕಟ್ಟಡ ಗೊತ್ತಿರಲಿಲ್ಲ, ಅಷ್ಟೇ. ಮೊಣಕಾಲು ನೋವಿಗೆ ಕಣ್ಣಿನ ಡಾಕ್ಟರ್ ಹತ್ರ ನಾವು ಹೋಗಲ್ಲ, ಯಾಕಂದ್ರೆ ಬೋರ್ಡ್ ಮೇಲೆ ಬರೆದಿರುತ್ತೆ. ವಕೀಲರ ಬೋರ್ಡ್ ಮೇಲೆ ಯಾಕೆ ಬರೆದಿರಲ್ಲ?

ಆ ರಾತ್ರಿ ನಾವು ಮೊಬೈಲ್ ಹಿಡಿದು ಹುಡುಕಿದ್ವಿ. ಅಮೆರಿಕದ ಫ್ಲೋರಿಡಾ, ಟೆಕ್ಸಾಸ್ ರಾಜ್ಯಗಳಲ್ಲಿ ಕಟ್ಟಡ ಕಾನೂನಿಗೇ ಬೇರೆ ಪ್ರಮಾಣಪತ್ರ ಇದೆ. ಕನಿಷ್ಠ ಐದು ವರ್ಷ ವಕೀಲಿಕೆ ಮಾಡಿರಬೇಕು, ಆ ವಿಷಯದಲ್ಲೇ ಸಾಕಷ್ಟು ಕೇಸ್ ನಡೆಸಿರಬೇಕು, ಪರೀಕ್ಷೆ ಪಾಸಾಗಬೇಕು, ಜೊತೆಯ ವಕೀಲರು ಮತ್ತು ಜಡ್ಜ್‌ಗಳು ಇವರ ಬಗ್ಗೆ ಅಭಿಪ್ರಾಯ ಕೊಡಬೇಕು. ಇಷ್ಟಾದರೂ ಅದು ಶಾಶ್ವತ ಅಲ್ಲ, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಸ್ಲ್ಯಾಬ್ ಸೋರಿದವರು ಪಟ್ಟಿ ತೆಗೆದು ನೋಡಿದ್ರೆ ಸಾಕು.

ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. 1961ರ ವಕೀಲರ ಕಾಯ್ದೆಯಲ್ಲಿ ಇರೋದು ಎರಡೇ ವರ್ಗ: ಹಿರಿಯ ವಕೀಲರು, ಉಳಿದ ವಕೀಲರು. ಅದು ಅನುಭವ, ಗೌರವದ ವಿಂಗಡಣೆ, ವಿಷಯದ್ದಲ್ಲ. ಅಖಿಲ ಭಾರತ ವಕೀಲರ ಪರೀಕ್ಷೆಯೂ ಎಲ್ಲರಿಗೂ ಒಂದೇ. ಇನ್ನೂ ಸೋಜಿಗ ಅಂದ್ರೆ, ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ಇಂಥ ಕೆಲಸದಲ್ಲಿ ಪರಿಣತ ಅಂತ ನಾಮಫಲಕದ ಮೇಲೆ ಬರೆಯುವ ಹಾಗೂ ಇಲ್ಲ. 2008ರ ತಿದ್ದುಪಡಿ ಆದ ಮೇಲೆ ವೆಬ್‌ಸೈಟಿನಲ್ಲಿ ಯಾವ ಕ್ಷೇತ್ರದಲ್ಲಿ ಕೆಲಸ ಮಾಡ್ತೀವಿ ಅಂತ ಹಾಕಬಹುದು. ಆದ್ರೆ ಅದನ್ನು ಬರೆದುಕೊಳ್ಳೋದು ಅವರೇ, ಪರೀಕ್ಷೆ ಮಾಡಿ ಹೇಳಿದವರು ಯಾರೂ ಇಲ್ಲ.

ಇದರ ಜೊತೆ ಇನ್ನೊಂದು. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸೇವೆ ಗ್ರಾಹಕ ಕಾಯ್ದೆಯಡಿ ಬರೋದಿಲ್ಲ ಅಂತ ತೀರ್ಪು ಕೊಟ್ಟಿದೆ. ಅಂದ್ರೆ ಗುತ್ತಿಗೆದಾರರ ಕೆಲಸ ಸರಿ ಇಲ್ಲ ಅಂತ ಗ್ರಾಹಕರ ಆಯೋಗಕ್ಕೆ ಹೋಗಬಹುದು, ವಕೀಲರ ಕೆಲಸ ಸರಿ ಇಲ್ಲ ಅಂತ ಅಲ್ಲಿಗೆ ಹೋಗೋಕಾಗಲ್ಲ. ಆರಿಸುವ ಮೊದಲೇ ನೋಡಿಕೊಳ್ಳಬೇಕು.

ಹಾಗಾದ್ರೆ ನೋಡೋದು ಹೇಗೆ? ನಮ್ಮ ಓಣಿಯಲ್ಲಿ ಪಿಡಬ್ಲ್ಯೂಡಿಯಿಂದ ನಿವೃತ್ತರಾದ ಇಂಜಿನಿಯರ್ ಒಬ್ಬರಿದ್ದಾರೆ. ಕಟ್ಟಡದ ಕೇಸುಗಳಲ್ಲಿ ಕೋರ್ಟಿಗೆ ಸಾಕ್ಷಿ ಹೇಳಿ ಬಂದವರು. ಅಪ್ಪ ಅವರನ್ನ ಕೇಳಿದ್ರು: "ನಿಮಗ ಪಾಟೀ ಸವಾಲು ಹಾಕಿದ ವಕೀಲರೊಳಗ ಯಾರಿಗೆ ಕಾಂಕ್ರೀಟ್ ಅಂದ್ರ ಏನ್ ಅಂತ ಗೊತ್ತಿತ್ರಿ?" ಅವರು ನಕ್ಕು ಎರಡು ಹೆಸರು ಕೊಟ್ಟರು. ಫ್ಲೋರಿಡಾದಲ್ಲಿ ಅಭಿಪ್ರಾಯ ಕೇಳಿ ಮಾಡುವ ಕೆಲಸವನ್ನ ನಾವು ಓಣಿಯ ಕಟ್ಟೆ ಮೇಲೆ ಕೂತು ಮಾಡಿದ ಹಾಗಾಯ್ತು.

ಬೆಳಗಾವಿಯ ಚನ್ನಮ್ಮ ವೃತ್ತದ ಹತ್ರ ಬಸ್ ಇಳಿದು ಕೋರ್ಟ್ ಕಡೆ ನಡೆಯುವಾಗ ನಮ್ಮ ಹತ್ರ ಮೂರು ಪ್ರಶ್ನೆ ಬರೆದ ಚೀಟಿ ಇತ್ತು. ಕಟ್ಟಡದ ಕೇಸ್ ಎಷ್ಟು ಮಾಡಿದ್ದೀರಿ, ಎಲ್ಲಿ? ದೋಷ ಸಾಬೀತು ಮಾಡೋಕೆ ಯಾರನ್ನ ತಜ್ಞರಾಗಿ ಕರೀತೀರಿ? ಇದು ಯಾವ ಕಾಯ್ದೆಯಲ್ಲಿ ಬರುತ್ತೆ, ಎಷ್ಟು ಸಮಯ ಇದೆ? ದೊಡ್ಡವರಿಗೆ ಹಿಂಗೆ ಕೇಳಬಹುದಾ ಅಂತ ಅವ್ವನಿಗೆ ಅಂಜಿಕೆ. ಆದ್ರೆ ಎರಡನೇ ಹೆಸರಿನ ಮೇಡಂ ಚೀಟಿಯಲ್ಲಿದ್ದ ಮೂರಕ್ಕೂ ನೇರವಾಗಿ ಉತ್ತರ ಹೇಳಿದ್ರು, ಆಮೇಲೆ ನಮ್ಮನ್ನೇ ಕೇಳೋಕೆ ಶುರು ಮಾಡಿದ್ರು. ಕರಾರು ಪತ್ರ ಸ್ಟ್ಯಾಂಪ್ ಪೇಪರ್ ಮೇಲಿದೆಯಾ? ಬಿರುಕು ಅಡ್ಡ ಇದೆಯೋ, ಓರೆಯೋ? ಸ್ಲ್ಯಾಬ್ ಹಾಕಿದ್ದು ಯಾವ ತಾರೀಖು? ಎಷ್ಟು ದಿನ ನೀರು ಹೊಡೆದಿರಿ?

ಕೊನೆಯ ಪ್ರಶ್ನೆಗೆ ಅವ್ವನೇ ಉತ್ತರ ಕೊಟ್ಟಳು, ಯಾಕಂದ್ರೆ ನೀರು ಹೊಡೆದವಳು ಅವಳು. "ಮೂರ್ ದಿನ ಸಾಕ್ರಿ ಅಕ್ಕಾರ ಅಂದಿದ್ರಿ." ಮೇಡಂ ಅದನ್ನ ಬರೆದುಕೊಂಡರು. ಐಎಸ್ 456:2000ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಬೇಕು, ಬಿಸಿಲು ಒಣಹವೆಯಲ್ಲಿ ಕನಿಷ್ಠ 10 ದಿನ. ನಮ್ಮ ಸ್ಲ್ಯಾಬ್ ಬಿದ್ದದ್ದು ಮಾರ್ಚ್‌ನಲ್ಲಿ. ಫಸ್ಟ್ ಇಯರ್‌ನಲ್ಲಿದ್ದ ನಮಗೇ ಆ ಕೋಡ್ ಗೊತ್ತಿರಲಿಲ್ಲ, ಕರಿ ಕೋಟಿನ ಮೇಡಂಗೆ ಗೊತ್ತಿತ್ತು. ಅವತ್ತು ಸ್ವಲ್ಪ ನಾಚಿಕೆ ಆಯ್ತು ಅಂತ ಇಲ್ಲೇ ಒಪ್ಪಿಕೊಳ್ತೀವಿ.

ಗ್ರಾಹಕರ ಆಯೋಗಕ್ಕೆ ವಕೀಲರಿಲ್ಲದೆಯೂ ದೂರು ಕೊಡಬಹುದು. ಆದ್ರೆ ಸೋರುತ್ತೆ ಅಂತ ಹೇಳಿದ್ರೆ ಆಗಲ್ಲ, ಯಾರ ತಪ್ಪಿನಿಂದ ಸೋರುತ್ತೆ ಅಂತ ತೋರಿಸಬೇಕು. ಮೇಡಂ ಹೇಳಿದ ಹಾಗೆ ಇಂಜಿನಿಯರ್ ಒಬ್ಬರಿಂದ ರಿಬೌಂಡ್ ಹ್ಯಾಮರ್ ಪರೀಕ್ಷೆ ಮಾಡಿಸಿ ವರದಿ ತಗೊಂಡ್ವಿ. ಫೋನಿನಲ್ಲಿದ್ದ ಫೋಟೊಗಳನ್ನ ತಾರೀಖಿನ ಪ್ರಕಾರ ಜೋಡಿಸಿದ್ವಿ, ಸಿಮೆಂಟ್, ಉಸುಕಿನ ಬಿಲ್ ಹುಡುಕಿದ್ವಿ. ಎರಡು ವರ್ಷ ತುಂಬೋಕೆ ಹನ್ನೊಂದು ದಿನ ಇರುವಾಗ ದೂರು ದಾಖಲಾಯ್ತು. ಕೇಸ್ ಇನ್ನೂ ನಡೀತಾ ಇದೆ. ಗೆಲ್ತೀವೋ ಇಲ್ಲವೋ ಗೊತ್ತಿಲ್ಲ.

ಪ್ರಮಾಣಪತ್ರ ಇದ್ದ ವಕೀಲರು ಗೆದ್ದೇ ಗೆಲ್ತಾರೆ ಅಂತ ನಾವು ಹೇಳ್ತಿಲ್ಲ. ನಮಗೆ ಸಿಕ್ಕ ಮೇಡಂ ಹತ್ರವೂ ಅದು ಇಲ್ಲ. ಆದ್ರೆ ನಮಗೆ ಓಣಿಯಲ್ಲಿ ಒಬ್ಬ ನಿವೃತ್ತ ಇಂಜಿನಿಯರ್ ಇದ್ದರು. ಅವರು ಇಲ್ಲದ ಮನೆಯವರು ಯಾರನ್ನ ಕೇಳಬೇಕು? ಪರಿಚಯ ಇಲ್ಲದವರಿಗೂ ಸರಿಯಾದ ಬಾಗಿಲು ತೋರಿಸೋದು, ಐದು ತಿಂಗಳು ಉಳಿಸೋದು, ಅದೇ ಪ್ರಮಾಣಪತ್ರದ ಉಪಯೋಗ.

ಇದನ್ನ ವಕೀಲರ ಕಡೆ ಬೆರಳು ತೋರಿಸಿ ಮುಗಿಸೋಕಾಗಲ್ಲ. ನಮ್ಮ ಮನೆಯ ಪ್ಲ್ಯಾನಿಗೆ ಸಹಿ ಹಾಕಿದ ಇಂಜಿನಿಯರ್‌ಗೆ ನಾವು ಒಂದೂ ಪ್ರಶ್ನೆ ಕೇಳಿರಲಿಲ್ಲ. ಗುತ್ತಿಗೆದಾರರಿಗೂ ಅಷ್ಟೇ, ಹಿಂದೆ ಕಟ್ಟಿದ ಒಂದು ಮನೆಯನ್ನ ಮಳೆಗಾಲದಲ್ಲಿ ತೋರಿಸಿ ಅಂತ ಕೇಳಿದ್ದರೂ ಸಾಕಿತ್ತು. ಆರ್ಕಿಟೆಕ್ಟ್ ಅಂತ ಹೆಸರಿಗೆ ಸೇರಿಸಿಕೊಳ್ಳೋಕೆ 1972ರ ಕಾಯ್ದೆ ಪ್ರಕಾರ ನೋಂದಣಿ ಬೇಕು. ಇಂಜಿನಿಯರ್ ಅನ್ನೋಕೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾಯ್ದೆ ಇಲ್ಲ. ಇನ್ನೆರಡು ವರ್ಷಕ್ಕೆ ನಾವೆಲ್ಲ ಬಿಇ ಅಂತ ಬರೆದುಕೊಂಡು ಹೊರಗೆ ಬರ್ತೀವಿ. ಯಾರೋ ಒಬ್ಬರು ಪಿಎಫ್ ಹಣ, ಬಂಗಾರ ತಂದು ನಮ್ಮ ಮುಂದೆ ಇಡ್ತಾರೆ, ಪ್ರಶ್ನೆ ಕೇಳೋಕೆ ಅವರಿಗೂ ಅಂಜಿಕೆ ಇರುತ್ತೆ. ನಮಗೆ ಗೊತ್ತಿಲ್ಲದ ಕೆಲಸಕ್ಕೆ ಗೊತ್ತಿಲ್ಲ ಅಂತ ಅವತ್ತು ನಾವೇ ಹೇಳಬೇಕು.

ಈ ಸಲದ ಮಳೆಗೂ ಹಾಲ್‌ನಲ್ಲಿ ಬಕೆಟ್ ಇಟ್ಟಿದ್ವಿ. ಬಕೆಟ್ ಇಟ್ಟ ಫೋಟೊವನ್ನ ತಾರೀಖಿನ ಸಮೇತ ತೆಗೆದು ಮೇಡಂಗೆ ಕಳಿಸಿದ್ದೀವಿ.